ಗಾರೆ ಕೆಲಸದ ಅಪ್ಪನಿಗೆ, ಮತ್ತೆ ಉಳಿದ ಎಲ್ಲರಿಗೆ

ಹೋದ ವಾರ ವೈವಾ ಮುಗಿಯಿತು. ಪಿಎಚ್.ಡಿ. ಆಯಿತು. ಚಿತ್ರದುರ್ಗಕ್ಕೆ ಬಂದು ಮೂರು ದಿನ ಸುಮ್ನೆ ಮಲಗಿದ್ದೆ. ಥೀಸಿಸ್‌ನಲ್ಲಿ ಕೃತಜ್ಞತೆಯ ಪುಟ ಇಂಗ್ಲಿಷಿನಲ್ಲಿದೆ. ನಮ್ಮ ಓಣಿಯವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಏನು ಓದ್ತಿದೀಯ ಅಂತ ತುಂಬಾ ಜನ ಕೇಳಿದ್ದೀರಿ. ಗಾಜಿನ ಮೇಲೆ ಪದರದ ಮೇಲೆ ಪದರ ಕೂರಿಸಿ ಮಾಡುವ ಸೋಲಾರ್ ಸೆಲ್ ನನ್ನ ವಿಷಯ. ಬೆಳಕು ಹೀರುವ ಕ್ಯಾಡ್ಮಿಯಂ ಟೆಲ್ಯುರೈಡ್ ಪದರ ಕೆಲವೇ ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ಎಷ್ಟೋ ತೆಳು. ಅದಕ್ಕೆ ಅಂಟಿದ ಕ್ಯಾಡ್ಮಿಯಂ ಸಲ್ಫೈಡ್ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗ ಅಷ್ಟೇ. ಇವೆರಡೂ ಸೇರುವ ಗಡಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೆ. ಬೆಳಕಿನಿಂದ ಬಿಡುಗಡೆಯಾದ ಎಲೆಕ್ಟ್ರಾನ್ ಆ ಗಡಿ ದಾಟಿದರೆ ಕರೆಂಟು. ಅಲ್ಲಿ ದೋಷ ಇದ್ದರೆ ಸಿಕ್ಕಿಬಿದ್ದು ಅಲ್ಲೇ ಮುಗಿಯುತ್ತದೆ.

ಇದನ್ನು ಅಪ್ಪನಿಗೆ ಹೇಳಿದ್ದೇ ತಡ, "ಹಳೇ ಗೋಡೆಗೆ ಕಚ್ಚು ಹೊಡೀದೆ, ನೀರು ಕುಡಿಸದೆ ಗಾರೆ ಬಳಿದ್ರೆ ಹಿಡಿಯಲ್ಲ. ಅದೇ ತಾನೆ?" ಅಂದರು. ಅದೇ ಅಪ್ಪ. ಬೆರಳ ಗೆಣ್ಣಿನಿಂದ ಗೋಡೆ ಬಡಿದು, ಸದ್ದು ಕೇಳಿಯೇ ಪೊಳ್ಳು ಎಲ್ಲಿದೆ ಅಂತ ಹೇಳುವ ಮನುಷ್ಯ. ನಾನು ಹುಡುಕಿದ್ದೂ ಪೊಳ್ಳನ್ನೇ. ಕ್ಯಾಡ್ಮಿಯಂ ಕ್ಲೋರೈಡ್ ಸವರಿ 400 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದರೆ ಸೆಲ್ ಸುಧಾರಿಸುತ್ತದೆ. ಕ್ಲೋರಿನ್ ಹರಳುಗಳ ಸಂದಿನಲ್ಲಿ ಸೇರಿಕೊಳ್ಳುತ್ತದೆ, ಸಲ್ಫೈಡಿನ ಗಂಧಕ ಮತ್ತು ಟೆಲ್ಯುರೈಡಿನ ಟೆಲ್ಯುರಿಯಂ ಗಡಿ ದಾಟಿ ಬೆರೆಯುತ್ತವೆ. ಕಾಯಿಸಿದ್ದು ಜಾಸ್ತಿಯಾದರೆ ಗಡಿಯಲ್ಲೇ ಪೊಳ್ಳುಗಳು ಏಳುತ್ತವೆ.

ಮೂರನೇ ವರ್ಷ ಬಿಟ್ಟುಬಿಡೋಣ ಅನ್ನಿಸಿತ್ತು. ಮೈಕ್ರೋಸ್ಕೋಪಿಗೆ ಇಡುವ ಚೂರು 100 ನ್ಯಾನೋಮೀಟರಿಗಿಂತ ತೆಳುವಿರಬೇಕು. ಗ್ಯಾಲಿಯಂ ಅಯಾನುಗಳ (ವಿದ್ಯುದಾವೇಶ ಇರುವ ಪರಮಾಣುಗಳ) ಕಿರಣದಿಂದ ಗಂಟೆಗಟ್ಟಲೆ ಕೊರೆದು, ಸೂಜಿ ತುದಿಗೆ ಅಂಟಿಸಿ ಎತ್ತುವಾಗ ಆ ಚೂರು ಕಳಚಿ ಎಲ್ಲೋ ಹೋಯಿತು. ಆ ಯಂತ್ರದಲ್ಲಿ ಮತ್ತೆ ಅವಕಾಶ ಸಿಕ್ಕಿದ್ದು ಎರಡು ತಿಂಗಳ ನಂತರ. ಆಗಲೂ ಹಾಗೇ ಆಯಿತು. ಅವತ್ತು ಯಂತ್ರ ನೋಡಿಕೊಳ್ಳುವ ಅಣ್ಣ ಮನೆಗೆ ಹೋಗಲಿಲ್ಲ. ರಾತ್ರಿ ಹನ್ನೊಂದರವರೆಗೆ ನನ್ನ ಪಕ್ಕ ಕೂತು, "ಅವಸರ ಬೇಡ, ಉಸಿರು ಬಿಡು, ಈಗ ಎತ್ತು" ಅಂದರು. ಮೂರನೇ ಚೂರು ನಿಂತಿತು. ಅಣ್ಣಾ, ಥೀಸಿಸ್‌ನ ಅರ್ಧ ಚಿತ್ರಗಳು ಆ ರಾತ್ರಿಯವು.

ಗೈಡ್‌ಗೆ, ಲ್ಯಾಬಿನ ಗೆಳೆಯರಿಗೆ, ಪ್ರತಿ ತಿಂಗಳು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟ ಅವ್ವನಿಗೆ ನಾನು ಋಣಿ. ಹೈಸ್ಕೂಲಿನಲ್ಲಿ ಈರುಳ್ಳಿ ಸಿಪ್ಪೆ ಇಟ್ಟು ಮೊದಲ ಸಲ ಮೈಕ್ರೋಸ್ಕೋಪು ತೋರಿಸಿದ ಮೇಷ್ಟ್ರೇ, ನಿಮಗೂ.

ನಿನ್ನೆ ಅಪ್ಪನಿಗೆ ಒಂದು ಚಿತ್ರ ಪ್ರಿಂಟ್ ಹಾಕಿಸಿಕೊಟ್ಟೆ. ಸಿಮೆಂಟು ತಿಂದ ಬೆರಳನ್ನು ಗಡಿಯ ಗೆರೆಗುಂಟ ನಿಧಾನಕ್ಕೆ ಎಳೆದರು. ಒಂದು ಕಪ್ಪು ಚುಕ್ಕೆಯ ಹತ್ತಿರ ಬೆರಳು ನಿಂತಿತು. ನಾನಿನ್ನೂ ಏನೂ ಹೇಳಿರಲಿಲ್ಲ.

"ಇಲ್ಲಿ ಬಿಟ್ಟೈತೆ" ಅಂದರು.