ಬರೀ ದುಡ್ಡು ಸುರಿದರೆ ಸಾಲದು

ಸಂಪಾದಕರೇ,

ಆಟಗಾರರಿಗೆ ದುಡ್ಡು ಸುರಿಯುವ ಡಾಜರ್ಸ್ ತಂಡ 2024, 2025ರಲ್ಲಿ ಸತತ ವರ್ಲ್ಡ್ ಸೀರೀಸ್ (ಅಲ್ಲಿನ ಚಾಂಪಿಯನ್ ಪಟ್ಟ) ಗೆದ್ದ ಮೇಲೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ದುಡ್ಡಿದ್ದವರದೇ ಆಟ ಅನ್ನುವ ಮಾತು ಜಾಸ್ತಿಯಾಗಿದೆ. ನಾನು ಪೂರ್ತಿ ಒಪ್ಪಲ್ಲ. 2023ರಲ್ಲಿ ನ್ಯೂಯಾರ್ಕ್ ಮೆಟ್ಸ್ ಎಲ್ಲರಿಗಿಂತ ಜಾಸ್ತಿ ಸಂಬಳ ಕೊಟ್ಟು, ನಲವತ್ತರ ಆಸುಪಾಸಿನ ಶರ್ಜರ್, ವರ್‌ಲ್ಯಾಂಡರ್ ಎಂಬ ಪಿಚರ್‌ಗಳನ್ನು (ಚೆಂಡು ಎಸೆಯುವವರನ್ನು) ನೆಚ್ಚಿಕೊಂಡು, ಕೊನೆಗೆ ಗೆದ್ದಿದ್ದು 75, ಸೋತಿದ್ದು 87. ಇಬ್ಬರನ್ನೂ ಸೀಸನ್ ಮಧ್ಯದಲ್ಲೇ ಬೇರೆ ತಂಡಗಳಿಗೆ ಬಿಟ್ಟುಕೊಟ್ಟರು! ಅದೇ ವರ್ಷ ಕಡಿಮೆ ಖರ್ಚಿನ ಟ್ಯಾಂಪಾ ಬೇ ರೇಸ್ 99 ಪಂದ್ಯ ಗೆದ್ದಿತು.

ಹಾಗಂತ ಕೈಬಿಗಿ ಮಾಡುವ ಮಾಲೀಕರನ್ನು ಸುಮ್ನೆ ಹೊಗಳಬಾರದು. 2002ರಲ್ಲಿ ಸತತ 20 ಪಂದ್ಯ ಗೆದ್ದ ಓಕ್‌ಲೆಂಡ್ ತಂಡ ತಾನು ಬೆಳೆಸಿದ ಎಷ್ಟೋ ಆಟಗಾರರನ್ನು ಉಳಿಸಿಕೊಳ್ಳಲಿಲ್ಲ, 2024ರ ನಂತರ ಊರನ್ನೇ ಬಿಟ್ಟಿತು. ಅಭಿಮಾನಿಗಳಿಗೆ ಮಾಡಿದ ಅನ್ಯಾಯ ಅಲ್ವಾ? ಅಮೆರಿಕದ ಲೀಗ್‌ನಲ್ಲಿ ಸಂಬಳಕ್ಕೆ ಜಾಸ್ತಿ ಖರ್ಚು ಮಾಡಿದ ತಂಡಗಳಿಗೆ ತೆರಿಗೆ ಇದೆ. ತೀರಾ ಕಡಿಮೆ ಖರ್ಚು ಮಾಡುವವರಿಗೂ ದಂಡ ಹಾಕಲಿ.

– ಒಬ್ಬ ಓದುಗ, ಮೈಸೂರು