ಮೊದಲು ಮೀಟರ್ ಹಿಡಿ, ಆಮೇಲೆ ಸಾಮಾನು ಕೊಳ್ಳು

ಮೈಸೂರು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಓದಿ ಬೇಜಾರಾಯಿತು. ಜರ್ಮನಿಯ ಶ್ವಾರ್ಟ್ಸ್‌ವಾಲ್ಡ್ ಕಾಡಿನ ಹತ್ತಿರ, ಹೊರಗಿನ ಕರೆಂಟ್ ತೆಗೆದುಕೊಳ್ಳದೆ ಮೂರು ರಾತ್ರಿ ನಿಮ್ಮ ಕ್ಯಾಂಪರ್ ವ್ಯಾನ್ (ಒಳಗೇ ಉಳಿದುಕೊಳ್ಳುವ ಗಾಡಿ) ನಿಲ್ಲಿಸಿದ್ದಿರಿ. ನಾಲ್ಕನೇ ಬೆಳಿಗ್ಗೆ ಕೀ ತಿರುಗಿಸಿದರೆ ಬರೀ 'ಟಕ್' ಅನ್ನುವ ಸದ್ದು. ವರ್ಕ್‌ಶಾಪಿನವರು ಬ್ಯಾಟರಿ ಬದಲಿಸಿದರು. ಆಮೇಲೆ ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಬದಲಿಸಿದರು. ಮುಂದಿನ ಪ್ರವಾಸದಲ್ಲಿ ಮತ್ತೆ ಅದೇ ಟಕ್. ಮಾರಿಬಿಡ್ತೀನಿ ಅಂತ ಬರೆದಿದ್ದೀಯ. ಮಾರುವುದು ನಿನ್ನಿಷ್ಟ, ಪುಟ್ಟಿ. ಆದರೆ ನೀನು ಕಳಿಸಿದ ಬಿಲ್ಲುಗಳನ್ನು ಎರಡು ಸಲ ನೋಡಿದೆ. ಸಾಮಾನಿನ ಹೆಸರುಗಳಿವೆ, ಒಂದು ವೋಲ್ಟಿನ ಲೆಕ್ಕವೂ ಇಲ್ಲ. ಇಷ್ಟು ದುಡ್ಡು ಹೋದ ಮೇಲೂ ಆ ಗಾಡಿಯನ್ನು ಯಾರೂ ಅಳೆದು ನೋಡಿಲ್ಲ. ನನಗೆ ಸಂಕಟ ಆಗಿದ್ದು ಅದಕ್ಕೇ.

ವೋಲ್ಟ್, ಆಂಪಿಯರ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ತೊಗೋ. ಜೊತೆಗೆ ಎರಡು ವೈರ್ ಕಟ್ಟಿದ 21 ವಾಟಿನ ಒಂದು ಬಲ್ಬು ಇಟ್ಟುಕೋ. ಬಲ್ಬು ಯಾಕೆ ಅಂದರೆ, ಕಿಲುಬು ಹಿಡಿದು ಒಂದೇ ಎಳೆ ಉಳಿದಿರುವ ವೈರ್ ಕೂಡ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ. ಆ ಎಳೆಯ ಮೇಲೆ ಬಲ್ಬಿನ ಭಾರ ಹಾಕಿದರೆ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಬಲ್ಬು ಮಂಕಾಗಿ ಉರಿದರೆ ಅಲ್ಲಿ ಜೀವ ಇಲ್ಲ ಅಂತ ತಿಳಿ.

ನಿನ್ನದು 1987ರ ಫೋಕ್ಸ್‌ವ್ಯಾಗನ್ ಟಿ3 ವ್ಯಾನ್ ಅಲ್ವಾ? ಎಂಜಿನ್ ಹಿಂದೆ, ಎರಡು ಬ್ಯಾಟರಿ ಮುಂದಿನ ಸೀಟುಗಳ ಕೆಳಗೆ. ಒಂದು ಗಾಡಿ ಶುರು ಮಾಡಲು, ಇನ್ನೊಂದು ಒಳಗಿನ ಲೈಟು, ಪಂಪುಗಳಿಗೆ. ಇವೆರಡರ ನಡುವೆ ಒಂದು ರಿಲೇ, ಅಂದರೆ ಕರೆಂಟಿನಿಂದ ತಾನೇ ಕೆಲಸ ಮಾಡುವ ಸ್ವಿಚ್ಚು, ಇರುತ್ತದೆ. ಎಂಜಿನ್ ಓಡುವಾಗ ಎರಡನ್ನೂ ಸೇರಿಸಬೇಕು, ನಿಂತಾಗ ಬೇರೆ ಮಾಡಬೇಕು. ಆ ರಿಲೇಯ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಬೇರೆ ಆಗುವುದೇ ಇಲ್ಲ. ಆಗ ನೀವು ರಾತ್ರಿ ಲೈಟ್ ಹಾಕಿ ಓದಿದ್ದು, ಫ್ರಿಜ್ಜನ್ನು 12 ವೋಲ್ಟಿನಲ್ಲೇ ಬಿಟ್ಟಿದ್ದು, ಎಲ್ಲವೂ ಶುರು ಮಾಡುವ ಬ್ಯಾಟರಿಯನ್ನೂ ಕುಡಿದುಬಿಡುತ್ತದೆ. ನನ್ನ ಮೊದಲ ಗುಮಾನಿ ಇದರ ಮೇಲೆ. ನೋಡುವುದು ಸುಲಭ. ಎಂಜಿನ್ ಆಫ್ ಮಾಡಿ ಕೆಲವು ಗಂಟೆ ಬಿಡು. ಎರಡೂ ಬ್ಯಾಟರಿ ಅಳೆ. ತುಂಬಿದ್ದರೆ 12.6ರ ಆಸುಪಾಸು, ಅರ್ಧ ಖಾಲಿಯಾಗಿದ್ದರೆ 12.2. ಈಗ ಒಳಗಿನ ಲೈಟ್ ಎಲ್ಲ ಹಾಕು. ಒಂದು ಬ್ಯಾಟರಿ ಮಾತ್ರ ಇಳಿಯಬೇಕು. ಎರಡೂ ಕೈ ಕೈ ಹಿಡಿದು ಇಳಿದರೆ ಕಳ್ಳ ಸಿಕ್ಕಿಬಿದ್ದ. ಫ್ರಿಜ್ ಹೇಗೂ ಎಂಜಿನ್ ಓಡುವಾಗ ಮಾತ್ರ 12 ವೋಲ್ಟಿನಲ್ಲಿ ಇರಲಿ. ಗಾಡಿ ನಿಂತಾಗ ಗ್ಯಾಸಿಗೆ ಹಾಕು.

ರಿಲೇ ಸರಿಯಾಗಿದ್ದರೆ, ಎಲ್ಲ ಆಫ್ ಇದ್ದಾಗಲೂ ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ಎಲ್ಲ ಆಫ್ ಮಾಡಿ, ಶುರು ಮಾಡುವ ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ವೈರಿಗೂ ಬ್ಯಾಟರಿಗೂ ನಡುವೆ ಮೀಟರ್ ಹಿಡಿದು ನೋಡು. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಲೇಬೇಡ, ಸುಟ್ಟುಹೋಗುತ್ತದೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್ ಅವರ್ ಹೋಗುತ್ತದೆ. ಮೂರು ದಿನಕ್ಕೆ 36. ಅರವತ್ತು ಚಿಲ್ಲರೆ ಆಂಪಿಯರ್ ಅವರ್ ಹಿಡಿಯುವ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಫ್ಯೂಸ್ ಒಂದೊಂದಾಗಿ ತೆಗೆಯುತ್ತಾ ಹೋಗು. ಯಾವುದನ್ನು ತೆಗೆದಾಗ ನಂಬರ್ ಬೀಳುತ್ತದೋ ಆ ದಾರಿಯಲ್ಲಿ ಹುಡುಕು. ಯಾವುದಕ್ಕೂ ಬೀಳದಿದ್ದರೆ, ಹಿಂದಿನ ಯಜಮಾನರು ಫ್ಯೂಸ್ ಬಾಕ್ಸ್ ಬಿಟ್ಟು ನೇರವಾಗಿ ಬ್ಯಾಟರಿಗೆ ಕಟ್ಟಿದ ವೈರುಗಳನ್ನು ನೋಡು. ಹಳೆಯ ಕ್ಯಾಂಪರಿನಲ್ಲಿ ಅಂಥವು ಇದ್ದೇ ಇರುತ್ತವೆ.

ಆಲ್ಟರ್ನೇಟರ್ ವಿಷಯ ಬೇಗ ಮುಗಿಸುತ್ತೇನೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಕೀ ಹಾಕಿ ಎಂಜಿನ್ ಶುರು ಮಾಡುವ ಮುಂಚೆ ಕೆಂಪು ಚಾರ್ಜಿಂಗ್ ದೀಪ ಉರಿಯಬೇಕು. ಆ ಪುಟ್ಟ ದೀಪದ ದಾರಿಯಲ್ಲಿ ಹೋಗುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಆ ದಾರಿ ಕಡಿದುಹೋಗಿದ್ದರೆ, ಅದರ ನೀಲಿ ವೈರ್ ತುಂಡಾಗಿದ್ದರೆ, ಹೊಸ ಆಲ್ಟರ್ನೇಟರ್ ಕೂಡ ಸುಮ್ನೆ ತಿರುಗುತ್ತಾ ಕೂರುತ್ತದೆ.

ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟೂ ಜೊತೆಗೆ ಮಿಣುಕುತ್ತದೆ ಅಂತ. ಅದು ಅರ್ತ್, ಅಂದರೆ ಕರೆಂಟ್ ವಾಪಸ್ ಬರುವ ದಾರಿ, ಕೆಟ್ಟಿರುವ ಲಕ್ಷಣ. ಹೋದ ಕರೆಂಟ್ ಬ್ಯಾಟರಿಗೆ ವಾಪಸ್ ಬರಲೇಬೇಕು. ಬರುವ ದಾರಿ ತುಕ್ಕು ಹಿಡಿದಿದ್ದರೆ ಪಕ್ಕದವರ ದಾರಿಗೆ ನುಗ್ಗುತ್ತದೆ. ಜರ್ಮನ್ ಗಾಡಿಗಳಲ್ಲಿ ಅರ್ತ್ ವೈರ್ ಕಂದು ಬಣ್ಣದ್ದು. ಡ್ಯಾಶ್‌ಬೋರ್ಡ್ ಕೆಳಗೆ ಕಂದು ವೈರುಗಳ ಗೊಂಚಲು ಸೇರುವ ಜಾಗ ಬಿಚ್ಚಿ, ತಗಡು ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲಿನ್ ಹಚ್ಚು. ಗೇರ್‌ಬಾಕ್ಸಿನಿಂದ ಗಾಡಿಯ ಮೈಗೆ ಬರುವ ದಪ್ಪ ಪಟ್ಟಿಗೂ ಹಾಗೇ ಮಾಡು. ಅದನ್ನು ಅಳೆಯಲು ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಅಳಿಯಂದಿರನ್ನು ಕೀ ಹತ್ತಿರ ಕೂರಿಸು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ. ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್ ದಾಟಿದರೆ ದಾರಿ ಕೆಟ್ಟಿದೆ.

ನಾನು ಸ್ಟುಟ್‌ಗಾರ್ಟ್‌ಗೆ ಹೋದ ಹೊಸದರಲ್ಲಿ ಜರ್ಮನ್ ಒಂದಕ್ಷರ ಬರುತ್ತಿರಲಿಲ್ಲ. ಆದರೆ ವೈರಿಂಗ್ ನಕ್ಷೆ ಓದಲು ಬಂತು, ಯಾಕೆಂದರೆ ಅಲ್ಲಿ ನಂಬರುಗಳೇ ಭಾಷೆ. 30 ಅಂದರೆ ಬ್ಯಾಟರಿಯಿಂದ ನೇರ ಪ್ಲಸ್. 15 ಅಂದರೆ ಕೀ ಹಾಕಿದ ಮೇಲೆ ಬರುವ ಪ್ಲಸ್. 31 ಅರ್ತ್. 50 ಸೆಲ್ಫಿಗೆ, ಅಂದರೆ ಎಂಜಿನ್ ತಿರುಗಿಸುವ ಸ್ಟಾರ್ಟರಿಗೆ. ಈ ನಾಲ್ಕು ಬಾಯಿಪಾಠ ಮಾಡು. ಆ 50 ನನ್ನ ಹಳೆಯ ವ್ಯಾನಿನಲ್ಲಿ ಎರಡು ಬೇಸಿಗೆ ಕಾಡಿತು. ತಣ್ಣಗಿದ್ದಾಗ ಶುರುವಾಗುತ್ತಿತ್ತು, ಬಿಸಿಯಾಗಿ ನಿಂತರೆ ಇಲ್ಲ. ಆಲ್ಪ್ಸ್‌ನ ಬ್ರೆನ್ನರ್ ಘಾಟಿಯಲ್ಲಿ ನಿನ್ನತ್ತೆ ಮಗುವನ್ನು ಎತ್ತಿಕೊಂಡು ರಸ್ತೆ ಬದಿ ನಿಂತಿದ್ದು ಇನ್ನೂ ಕಣ್ಣಲ್ಲಿದೆ. ನಾನೂ ಸ್ಟಾರ್ಟರ್ ಬದಲಿಸಿದ್ದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಅಳೆದೆ. ಬ್ಯಾಟರಿಯಲ್ಲಿ 12ರ ಮೇಲೆ, 50ರಲ್ಲಿ ಎಂಟೇ ವೋಲ್ಟ್. ಮುಂದಿನ ಕೀಯಿಂದ ಹಿಂದಿನ ಸ್ಟಾರ್ಟರ್‌ವರೆಗೆ ಬರುವ ಉದ್ದನೆಯ ಹಳೆಯ ವೈರ್ ಉಳಿದದ್ದನ್ನೆಲ್ಲ ತಿಂದುಬಿಟ್ಟಿತ್ತು. ಸ್ಟಾರ್ಟರ್ ಪಕ್ಕದಲ್ಲೇ ಫ್ಯೂಸ್ ಸಮೇತ ಒಂದು ರಿಲೇ ಹಾಕಿದೆ. ಅಲ್ಲಿಂದ ಮುಂದೆ ಆ ವ್ಯಾನ್ ಬಿಸಿಯಲ್ಲೂ ಒಂದೇ ಏಟಿಗೆ ಎದ್ದಿತು.

ಕೆಲಸಕ್ಕೆ ಮುಂಚೆ ಗ್ಯಾಸ್ ಸಿಲಿಂಡರ್ ಮುಚ್ಚಿ ಬಾಗಿಲು ತೆರೆ. ಆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ, ಬ್ಯಾಟರಿಯೂ ಅಲ್ಲೇ ಇದೆ. ಮೈನಸ್ ಮೊದಲು ಬಿಚ್ಚು, ಕೊನೆಗೆ ಹಾಕು. ಫ್ಯೂಸ್ ಹೋಯಿತು ಅಂತ ದೊಡ್ಡದು ಹಾಕಬೇಡ. ಫ್ಯೂಸ್ ಇರುವುದು ವೈರ್ ಕಾಯಲು, ದೊಡ್ಡದು ಹಾಕಿದರೆ ಫ್ಯೂಸ್ ಬದಲು ವೈರೇ ಹೊತ್ತಿಕೊಳ್ಳುತ್ತದೆ. 230 ವೋಲ್ಟಿನ ಸಾಕೆಟ್ ಕಡೆ ಮಾತ್ರ ಕೈ ಹಾಕಬೇಡ ಮಗಳೇ, ಅದಕ್ಕೆ ಲೈಸೆನ್ಸ್ ಇರುವವರನ್ನೇ ಕರೆಸು.

ಭಾನುವಾರ ಫೋನ್ ಮಾಡು. ಮೂರು ಸಲ ಅಳೆದ ಲೆಕ್ಕ ಬರೆದಿಟ್ಟುಕೊಂಡಿರು: ಲೈಟ್ ಹಾಕುವ ಮುಂಚೆ ಎರಡೂ ಬ್ಯಾಟರಿ ಎಷ್ಟು, ಅರ್ಧ ಗಂಟೆ ಆದ ಮೇಲೆ ಎಷ್ಟು, ಸೆಲ್ಫ್ ಹೊಡೆದಾಗ ಅರ್ತಿನಲ್ಲಿ ಎಷ್ಟು. ಕಾಯುತ್ತಿರುತ್ತೇನೆ.

ನಿನ್ನ ಮಾವ