ಆಲ್ಬಮ್ ಬಂತು, ಮೊದಲ ಸಲಾಂ ಚಾಚಾಗೆ

ನಿನ್ನೆ ರಾತ್ರಿ ನನ್ನ ಮೊದಲ ಆಲ್ಬಮ್ ಹೊರಬಂತು. ಬೆಳಗ್ಗೆಯಿಂದ ಮೆಸೇಜ್‌ಗಳು ಬರ್ತಾನೇ ಇವೆ. ಕಲಬುರಗಿಯ ಮಾಳಿಗೆ ರೂಮಿನಲ್ಲಿ ಮಾಡಿದ ಬೀಟ್‌ಗಳನ್ನು ಇಷ್ಟು ಜನ ಕೇಳ್ತಿದ್ದೀರಿ ಅನ್ನೋದೇ ದೊಡ್ಡ ಖುಷಿ. ಎಲ್ಲರಿಗೂ ಉತ್ತರ ಕೊಡ್ತೀನಿ. ಅದಕ್ಕೂ ಮೊದಲು ಇದನ್ನು ಬರೆಯಲೇಬೇಕು.

ನನ್ನ ಎಡಗಿವಿಯ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ಅದು ಇನ್ನು ಕೇಳಲ್ಲ ಅಂತ ಖಚಿತವಾದ ದಿನ ಬೀಟ್ ಮಾಡೋ ಕಂಟ್ರೋಲರ್, ಸ್ಪೀಕರ್ ಎಲ್ಲ ಮಾರಿಬಿಡೋಣ ಅನಿಸಿತು. ನಮ್ಮ ಓಣಿಯ ಮೈಕ್ ಸೆಟ್ ಚಾಚಾಗೆ ಫೋನ್ ಮಾಡಿದೆ. ಬೆಲೆ ಕಟ್ಟೋಕೆ ಅಂತ ಬಂದವರು ಬೆಳಗಾಗುವವರೆಗೂ ಎದ್ದು ಹೋಗಲಿಲ್ಲ.

ನಾನು ತುಂಬಾ ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ಹಾಡು ಹಚ್ಚು ಅಂದರು. ಹೆಡ್‌ಫೋನ್ ಹಾಕಿಕೊಂಡೆ. ಹಾಡಿನಲ್ಲಿ ಹಲಿಗೆಯ ದನಿಯನ್ನು ಎಡಗಿವಿಗಷ್ಟೇ ಬರುವಂತೆ ಇಟ್ಟಿದ್ದೆ, ಅದು ಕೇಳಲೇ ಇಲ್ಲ. ಆಗ ಚಾಚಾ ಅಂದರು: "ಶರಣಬಸಪ್ಪನ ಜಾತ್ರ್ಯಾಗ, ಬಂದೇ ನವಾಜರ ಉರುಸಿನ್ಯಾಗ ಎಲ್ಲಾ ಕಡಿ ಒಂದೇ ದನಿ ಹಚ್ಚೀನಿ ಬೇಟಾ. ಎಡಕ್ಕ ಬ್ಯಾರೆ, ಬಲಕ್ಕ ಬ್ಯಾರೆ ಅಂತ ಇಲ್ಲ. ಅರ್ಧಾ ಹಾಡು ಕೇಳ್ತು ಅಂತ ಯಾರರೆ ಬಂದು ಅಂದಾರೇನು?"

ಎಡ ಬಲ ಎರಡನ್ನೂ ಸೇರಿಸಿ ಮೊನೊ ಮಾಡಿದೆ, ಅಂದರೆ ಎರಡೂ ಕಿವಿಗೆ ಒಂದೇ ದನಿ. ಹಲಿಗೆ ಬಲಗಿವಿಗೆ ಬಂತು. ಮೊನೊದಲ್ಲಿ ಮಿಕ್ಸ್ ಕೇಳಿ ನೋಡೋದು ನಮ್ಮ ಕೆಲಸದಲ್ಲಿ ಹೊಸದೇನಲ್ಲ. ಆದರೆ ಆ ರಾತ್ರಿ ನನಗದು ಹೊಳೆಯುವ ಸ್ಥಿತಿ ಇರಲಿಲ್ಲ. ಆಮೇಲೆ ಚಾಚಾ ನನ್ನ ಅಂಗೈ ಹಿಡಿದು ಸಬ್‌ವೂಫರ್ ಪೆಟ್ಟಿಗೆ ಮೇಲೆ ಒತ್ತಿದರು. ಕಿಕ್ ಡ್ರಮ್‌ನ ಹೊಡೆತ ಮೊಣಕೈವರೆಗೂ ಬಡಿಯಿತು.

ನಿದ್ದೆ ಬರದಿರಲಿ ಅಂತ ಏನೇನೋ ಮಾತಾಡಿದೆವು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ತಂಗಿ ಇಟ್ಟುಕೊಂಡಿದ್ದ ಪಾರ್ಟಿಯಲ್ಲಿ ಹಾಡು ಹಾಕಿದ ಡಿಜೆ ಕೂಲ್ ಹರ್ಕ್ ಕಥೆ ಹೇಳಿದೆ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಬರೀ ಡ್ರಮ್ ಇರುವ ತುಂಡನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಬದಲಿಸಿ ಉದ್ದ ಮಾಡೋದು ಅವರ ಕೈಚಳಕ. ಹಿಪ್‌ಹಾಪ್ ಬೆಳೆದಿದ್ದೇ ಅದರ ಮೇಲೆ. ಚಾಚಾ ತಲೆದೂಗಿದರು. "ಕುಣಿಯೋರು ನಿಂದರಬಾರ್ದು, ಅಷ್ಟೇ ಹೌದಿಲ್ಲ?" ಹೌದು ಚಾಚಾ, ಅಷ್ಟೇ. ಮೂರನೇ ಟ್ರ್ಯಾಕ್ ಆ ರಾತ್ರಿಯೇ ಶುರುವಾಗಿದ್ದು.

ಅವ್ವ, ಅಕ್ಕ, ಬೆಂಗಳೂರಿಂದ ಫೈನಲ್ ಮಿಕ್ಸ್ ನೋಡಿಕೊಟ್ಟ ಗೆಳೆಯ, ನನ್ನ ಬೀಟ್ ಮೇಲೆ ನಮ್ಮ ಭಾಷೆಯಲ್ಲೇ ರ‍್ಯಾಪ್ ಮಾಡಿದ ಹುಡುಗರು, ನಿಮಗೆಲ್ಲ ಮನಸಾರೆ ಧನ್ಯವಾದ. ಹಲಿಗೆ ಬಾರಿಸಿದ ಕಾಕಾಗಳಿಗೂ. ಏಪ್ರಿಲ್ ಬಿಸಿಲಲ್ಲಿ ಬೆಂಕಿ ಹಾಕಿ, ದನಿ ಏರುವವರೆಗೂ ಚರ್ಮ ಕಾಯಿಸಿ ಬಾರಿಸಿದಿರಿ. ಆ ದನಿ ರೆಡಿಮೇಡ್ ದನಿಗಳ ಯಾವ ಸ್ಯಾಂಪಲ್ ಪ್ಯಾಕ್‌ನಲ್ಲೂ ಸಿಗಲ್ಲ.

ಮುಂದಿನ ತಿಂಗಳು ಊರಲ್ಲೇ ಶೋ ಇದೆ. ಸೌಂಡ್ ಚಾಚಾದೇ. ಬಾಡಿಗೆ ಬೇಡ ಅಂತ ಈಗಲೇ ಶುರು ಮಾಡಿದ್ದಾರೆ. ಚಾಚಾ, ಈ ಸಲ ನಾನು ಕೇಳಲ್ಲ, ಪೂರ್ತಿ ತಗೋಬೇಕು.